ಸೋಮವಾರದ ಕೊಳೆ

ಸೋಮವಾರ ಬೆಳಗ್ಗೆ ಕೆಳಗೆ ಬೀದೀಲಿ ಬಸ್ಸಿನ ಹಾರ್ನು ಮೂರು ಸಲ ಕೂಗ್ತು ಅಂದ್ರೆ ಆ ಮನೇಲಿ ಒಬ್ಬೊಬ್ಬರ ಮುಖ ಒಂದೊಂದು ಥರ ಆಗೋದು. ಅತ್ತೆ ಮುಖ ದೀಪ ಹಚ್ಚಿದ ಹಾಗೆ. ಸೊಸೆ ಮುಖ ಗಂಟಿಕ್ಕಿದ ಹಾಗೆ. ಅತ್ತೆಗೆ ಮಗ, ಸೊಸೆಗೆ ಗಂಡ ಆದ ಲಿಫ್ಟ್ ಮೆಕ್ಯಾನಿಕ್ಕಿಗಂತೂ ಮುಖಾನೇ ಇರ್ತಿರಲಿಲ್ಲ. ಅವನು ಅಷ್ಟೊತ್ತಿಗೆ ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೊಂಡಾಗಿರೋದು. ಉಳಿದವಳು ಮಗಳು, ಹತ್ತೊಂಬತ್ತು ವರ್ಷ, ಔಷಧಿ ಅಂಗಡೀಲಿ ಕೆಲಸ. ಆನೆ ಬಂದು ಕೂಗಿದ್ರೂ ಏಳು ಗಂಟೆ ಮುಂಚೆ ಏಳೋಳಲ್ಲ.

ಮೂರು ಮಹಡಿ ಹತ್ತಿ ಬರೋನು ಬಸ್ಸಿನ ಡ್ರೈವರು. ಹೆಗಲ ಮೇಲೆ ಗೋಣಿಚೀಲ. ಅವನನ್ನ ಎಲ್ಲಾರೂ ಎಡಗಾಲು ಅಂತಲೇ ಕರೆಯೋದು. ಯಾಕಂದ್ರೆ ಇಪ್ಪತ್ತು ವರ್ಷದ ಹಿಂದೆ ಅವನು ಅತ್ತೆಯ ಹಳೇ ಊರಿನ ಇಟ್ಟಿಗೆ ಫ್ಯಾಕ್ಟರಿ ಫುಟ್‌ಬಾಲ್ ತಂಡದಲ್ಲಿ ಆಡ್ತಿದ್ದ. ಒಂದ್ಸಲ ಅವನು ಎಡಗಾಲಲ್ಲಿ ಒದ್ದ ಚೆಂಡು ಭಟ್ಟಿ ಚಿಮಣಿಯೊಳಗೆ ಬಿದ್ದು, ಮೂರು ದಿನ ಆದ್ಮೇಲೆ ಇಟ್ಟಿಗೆ ಜೊತೆ ಬೆಂದು ಈಚೆಗೆ ಬಂತಂತೆ. ಅತ್ತೆ ಹೇಳೋ ಮಾತು. ಎಡಗಾಲು ಅದನ್ನ ಒಪ್ಪಿಕೊಂಡೂ ಇಲ್ಲ, ಸುಳ್ಳು ಅಂತ ಅಂದೂ ಇಲ್ಲ.

"ದೊಡ್ಡಮ್ಮ, ತಗೊಳ್ಳಿ ನಿಮ್ಮ ಮಕ್ಕಳು" ಅಂತ ಚೀಲ ಇಳಿಸೋನು. ಇಳಿಸಿದ ಕೂಡ್ಲೆ ಕೆಂಪು ಧೂಳು ಎದ್ದು, ಹೊಲಿಗೆ ಮಿಷಿನ್ ಮೇಲೆ, ಬ್ರೆಡ್ಡಿನ ಮೇಲೆ, ಸೊಸೆ ಚಹಾ ಲೋಟದೊಳಗೆ, ಎಲ್ಲಾ ಕಡೆ ತನ್ನ ಪಾಲು ತಗೊಳ್ಳೋದು.

ಈ ಚೀಲದ ಕಥೆ ಹೀಗೆ. ಇಟ್ಟಿಗೆ ಫ್ಯಾಕ್ಟರಿ ಮುಚ್ಚಿ ಎರಡು ವರ್ಷ ಆಗಿತ್ತು. ಯಜಮಾನ ಊರು ಬಿಟ್ಟ. ತಂಡ ಮಾತ್ರ ಉಳೀತು, ಮನೆ ಬಿದ್ಮೇಲೂ ನಿಂತಿರೋ ಗೋಡೆ ಥರ. ಆಟಗಾರರಿಗೆ ಮೂರು ತಿಂಗಳಿಂದ ಸಂಬಳ ಇಲ್ಲ. ತಂಡಕ್ಕೆ ಇದ್ದಿದ್ದು ಒಂದೇ ಸೆಟ್ ನೀಲಿ ಜರ್ಸಿ. ಲಾಂಡ್ರಿಯವನು ಸಾಲ ಕೊಡಲ್ಲ ಅಂದ. ಸರಿ, ಅವರವರ ಜರ್ಸಿ ಅವರವರೇ ಮನೇಲಿ ಒಗ್ಕೊಂಡು ಬನ್ನಿ ಅಂದ್ರೆ, ಇಬ್ಬರು ಜರ್ಸಿ ತಗೊಂಡು ಹೋದವರು ತಿರುಗಿ ಬರ್ಲೇ ಇಲ್ಲ. ಸಂಬಳದ ಬದಲು ಜರ್ಸಿ! ಇನ್ನು ನಾಲ್ಕು ಶನಿವಾರದ ಮ್ಯಾಚು ಬಾಕಿ. ನಿಯಮದ ಪ್ರಕಾರ ಬಟ್ಟೆ ಹಾಕಿದ ಹನ್ನೊಂದು ಜನ ಒಂದು ಶನಿವಾರ ನಿಲ್ಲಲಿಲ್ಲ ಅಂದ್ರೂ ಲೀಗಿಂದ ಹೆಸರು ಹೊಡೆದು ಹಾಕ್ತಾರೆ. ಹೆಸರು ಹೋದ್ರೆ ಮೈದಾನ ಹೋಯ್ತು. ಅಲ್ಲಿ ಗೋಡೌನ್ ಕಟ್ಟೋಕೆ ಒಬ್ಬ ಆಗ್ಲೇ ಟೇಪು ಹಿಡಿದು ಅಳತೆ ಮಾಡ್ಕೊಂಡು ಹೋಗಿದ್ದ.

ಆಗ ತಂಡದ ಕಾರ್ಯದರ್ಶಿಗೆ ನೆನಪಾಗಿದ್ದು ಅತ್ತೆ. ಮೂವತ್ತು ವರ್ಷ ಆ ತಂಡದ ಬಟ್ಟೆ ಒಗೆದವರು. ಈಗ ಮಗನ ಮನೆ ಸೇರಿ ಹನ್ನೆರಡು ವರ್ಷ, ಆ ಊರಿಂದ ಬಸ್ಸಲ್ಲಿ ಒಂಬತ್ತು ಗಂಟೆ ದಾರಿ. "ನಿಮ್ಮ ಕೈಲಿ ಒಂದು ಕಾಲುಚೀಲ ಕಳೆದಿದ್ದಿಲ್ಲ, ಅಮ್ಮ. ಎಡಗಾಲಿನ ಬಸ್ಸಿನಲ್ಲಿ ಹಾಕಿ ಕಳಿಸ್ತೀನಿ. ಗುರುವಾರ ಸಾಯಂಕಾಲ ಅವನು ವಾಪಸ್ ಬರೋವಾಗ ಕೊಟ್ಟುಬಿಡಿ" ಅಂದ ಫೋನಲ್ಲಿ. ಅತ್ತೆ ಯಾರನ್ನೂ ಕೇಳ್ಲಿಲ್ಲ. ಹೂಂ ಅಂದ್ರು.

"ಒಂಬತ್ತು ಗಂಟೆ ದೂರದಿಂದ ಕೊಳೆ ತರಿಸ್ಕೊಳ್ತೀರಲ್ಲ ಅತ್ತೆ, ಇಲ್ಲಿ ಕೊಳೆ ಕಡಿಮೆಯಾಗಿತ್ತಾ?" ಅಂದ್ಲು ಸೊಸೆ, ಮೊದಲನೇ ಸೋಮವಾರ.

"ಈ ಊರಿನ ಕೊಳೆಗೆ ಮಾತು ಬರಲ್ಲ ಕಣೇ" ಅಂದ್ರು ಅತ್ತೆ.

ಅದು ನಿಜಾನೇ ಅಂತ ಸೊಸೆಗೆ ಹತ್ತು ನಿಮಿಷದಲ್ಲಿ ಗೊತ್ತಾಯ್ತು. ಅತ್ತೆ ಜರ್ಸಿಗಳನ್ನ, ಚಡ್ಡಿ-ಕಾಲುಚೀಲ ಸಮೇತ, ನೆನೆ ಹಾಕೋ ಮುಂಚೆ ನೆಲದ ಮೇಲೆ ನಂಬರು ಪ್ರಕಾರ ಸಾಲಾಗಿ ಹಾಸೋರು. ಮಂಡಿ ಊರಿ, ಒಂದೊಂದನ್ನೂ ಕೈಯಲ್ಲಿ ಸವರಿ ನೋಡೋರು.

"ನಾಲ್ಕನೇ ನಂಬರು ಮೂರು ಸಲ ಬೆನ್ನ ಮೇಲೆ ಬಿದ್ದಿದ್ದಾನೆ. ಯಾರೋ ಬೇಕಂತ ಬೀಳಿಸ್ತಿದ್ದಾರೆ. ಹತ್ತನೇಯವನು ಬಿದ್ದೇ ಇಲ್ಲ, ಹೆಗಲ ಮೇಲೆ ಬರೀ ಬೆವರು. ಅಂದ್ರೆ ಚೆಂಡು ಅವನ ಹತ್ರ ಬಂದಿಲ್ಲ. ಎಂಟನೇಯವನು ಮಂಡಿ ಮೇಲೆ ಜಾರಿದ್ದಾನೆ, ಎರಡೂ ಮಂಡಿ ಒಟ್ಟಿಗೆ... ಇವನು ಗೋಲು ಹೊಡೆದಿದ್ದಾನೆ."

ಮಗಳು ಹಲ್ಲುಜ್ಜುತ್ತಾ ಬಂದವಳು ಫೋನು ತೆಗೆದು ನೋಡಿದ್ಲು. ಬ್ರಷ್ಷು ಬಾಯಲ್ಲೇ ನಿಂತುಬಿಡ್ತು. "ಅಮ್ಮಾ! ಎಂಟನೇ ನಂಬರೇ ಕಣಮ್ಮ ಗೋಲು ಹೊಡೆದಿರೋದು!"

"ನೆಲಕ್ಕೆ ಪೇಸ್ಟು ಬೀಳಿಸ್ಬೇಡ" ಅಂದ್ಲು ಸೊಸೆ.

ಸೊಸೆಗೆ ಸಿಟ್ಟು ಬರೋಕೆ ಕಾರಣ ಇತ್ತು. ಹನ್ನೊಂದು ವರ್ಷ ರೆಡಿಮೇಡ್ ಅಂಗಡೀಲಿ ಕೂತು ಕಂಡಕಂಡವರ ಪ್ಯಾಂಟಿನ ಕಾಲು ಗಿಡ್ಡ ಮಾಡಿ ಮಾಡಿ ಅವಳಿಗೆ ಸಾಕಾಗಿತ್ತು. ಈಗ ಮೊದಲನೇ ಸಲ ದೊಡ್ಡ ಆಸ್ಪತ್ರೆಯಿಂದ ಕೆಲಸ ಸಿಕ್ಕಿತ್ತು. ಆಪರೇಷನ್ ಕೋಣೇಲಿ ಡಾಕ್ಟ್ರು, ನರ್ಸು ಹಾಕ್ಕೊಳ್ಳೋ ತಿಳಿಹಸಿರು ಅಂಗಿ-ಪೈಜಾಮ, ಇಪ್ಪತ್ತು ಜೊತೆ. ಮಾದರಿಗೆ ಅಂತ. ಆಸ್ಪತ್ರೆ ಸ್ಟೋರ್ ನೋಡ್ಕೊಳ್ಳೋ ಮೇಡಂ ಒಪ್ಪಿದ್ರೆ ವರ್ಷ ಪೂರ್ತಿ ಹೊಲಿಗೆ. ಮೇಡಂ ಬಟ್ಟೆ ಥಾನು ಕೊಡೋವಾಗಲೇ ಬೆರಳೆತ್ತಿ ಹೇಳಿದ್ಲು: "ಒಂದು ಕಲೆ ಇರಬಾರದು. ಒಂದು ದಾರ ಬಿಚ್ಚಬಾರದು." ಮನೆಯೋ ಎರಡು ಕೋಣೆ, ಒಂದು ಅಡುಗೆಮನೆ, ಎರಡು ಕೈ ಚಾಚಿದ್ರೆ ಮುಗಿದುಹೋಗೋ ಬಾಲ್ಕನಿ. ಕಿಟಕಿ ಪಕ್ಕ ತಿಳಿಹಸಿರು ಬಟ್ಟೆ, ಅದರಿಂದ ಐದು ಹೆಜ್ಜೆ ಆಚೆ ಇಟ್ಟಿಗೆ ಮಣ್ಣು. ಸೊಸೆ ಹಳೇ ಬೆಡ್‌ಶೀಟಿನಲ್ಲಿ ಒಂದು ಪರದೆ ಮಾಡಿ ನಡುವೆ ಕಟ್ಟಿದ್ಲು. ಗಂಡ ಕೆಲಸದಿಂದ ಬಂದವನು ಅದಕ್ಕೆ ಸಿಕ್ಕಿಕೊಂಡು, "ಇದೇನು, ಮನೇಲಿ ಗಡಿ ಹಾಕಿದೀರಾ?" ಅಂದ.

"ಹೌದು. ನಿಮಗೆ ಯಾವ ಕಡೆ ಊಟ ಬೇಕು ಹೇಳಿ" ಅಂದ್ಲು.

ಯಾವ ಕಡೆಯೂ ಊಟ ಅಷ್ಟಕ್ಕಷ್ಟೇ ಆಗಿತ್ತು. ನಲ್ಲಿ ನೀರು ಬೆಳಗ್ಗೆ ಎರಡು ಗಂಟೆ ಹೊತ್ತು ಮಾತ್ರ. ಅದು ಜರ್ಸಿಗೆ ಹೋದ್ರೆ ಪಾತ್ರೆ ಸಿಂಕಿನಲ್ಲೇ ಕೂರ್ತಿತ್ತು. ಪಾತ್ರೆ ಕಡಿಮೆ ಆಗ್ಲಿ ಅಂತ ಅಡುಗೆ ಕಡಿಮೆ ಆಯ್ತು. ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಮೊಟ್ಟೆ. ಮಾರನೇ ದಿನ ಬೇಯಿಸಿದ ಮೊಟ್ಟೆ, ಬೇಯಿಸಿದ ಆಲೂಗಡ್ಡೆ.

* * *

ಎರಡನೇ ಸೋಮವಾರ ಅತ್ತೆ ಜರ್ಸಿ ಹಾಸಿ ನೋಡ್ತಾ ನೋಡ್ತಾ ಒಂದರ ಹತ್ರ ನಿಂತುಬಿಟ್ರು. ಗೋಲ್‌ಕೀಪರಿನ ಹಳದಿ ಜರ್ಸಿ, ಕಪ್ಪು ಪ್ಯಾಂಟು. ಈ ಗೋಲ್‌ಕೀಪರಿಗೆ ಬಾಗಿಲು ಅಂತ ಅಡ್ಡಹೆಸರು, ಆಳು ಆ ಅಳತೆಗೇ ಇದ್ದ.

"ಎಷ್ಟು ಗೋಲು ತಿಂದ್ರು ಶನಿವಾರ?" ಅಂತ ಮೊಮ್ಮಗಳನ್ನ ಕೇಳಿದ್ರು.

"ನಾಲ್ಕು, ಅಜ್ಜಿ."

"ನಾಲ್ಕು ಗೋಲು ತಿಂದವನ ಮೊಣಕೈ ನೋಡು. ಮಂಡಿ ನೋಡು. ಪಕ್ಕೆ ನೋಡು. ಇಸ್ತ್ರಿ ಮಡಿಕೆ ಹಾಗೇ ಇದೆ! ಹೋದ ವಾರವೂ ಹೀಗೇ ಇತ್ತು, ನಾನೇ ಸುಮ್ಮನಿದ್ದೆ. ಇವನು ಹಾರ್ತಿಲ್ಲ ಕಣೇ. ನಿಂತ ಕಡೆ ನಿಂತು ಚೆಂಡು ಹೋಗೋದನ್ನ ನೋಡ್ತಿದ್ದಾನೆ, ಮೆರವಣಿಗೆ ನೋಡೋ ಹಾಗೆ."

ಆ ವಾರ ಅತ್ತೆ ಹತ್ತು ಜರ್ಸಿ ಒಗೆದ್ರು. ಹನ್ನೊಂದನೇದನ್ನ ಒಗೀಲಿಲ್ಲ. ಹಾಗೇ ಮಡಚಿ, ಎಲ್ಲದರ ಮೇಲಿಟ್ಟು ಕಳಿಸಿದ್ರು.

ಶುಕ್ರವಾರ ಸಾಯಂಕಾಲ ಫೋನು ಬಂತು. ಮಗಳು ಸ್ಪೀಕರಿಗೆ ಹಾಕಿದ್ಲು. ಬಾಗಿಲು ಮಾತಾಡಿದ್ರೆ ನಿಜವಾಗಿ ಬಾಗಿಲು ಬಡಿದ ಹಾಗಿತ್ತು.

"ಏನಜ್ಜಿ, ನನ್ನ ಜರ್ಸಿ ಒಗ್ದಿಲ್ಲ?"

"ಕೊಳೆ ಆಗಿರ್ಲಿಲ್ಲಪ್ಪ. ಸೋಪು ಯಾಕೆ ದಂಡ ಮಾಡ್ಲಿ?"

"ಎಲ್ಲರೆದುರಿಗೆ ಚೀಲ ಬಿಚ್ಚಿದ್ರು, ಅಜ್ಜಿ. ಎಲ್ಲರೂ ನೋಡಿದ್ರು."

"ನೋಡ್ಲಿ ಅಂತಾನೇ ಮೇಲಿಟ್ಟಿದ್ದು."

"ನಾನು ಹಗಲು ಪಾರ್ಸೆಲ್ ವ್ಯಾನ್ ಓಡಿಸ್ತೀನಿ. ಹಾರಿ ಬಿದ್ದು ಕೈ ಮುರ್ಕೊಂಡ್ರೆ ವ್ಯಾನಿನ ಕೆಲಸವೂ ಹೋಗುತ್ತೆ. ಮನೇಲಿ ಇಬ್ಬರು ಮಕ್ಕಳಿದಾರೆ. ಮೂರು ತಿಂಗಳಿಂದ ಒಂದು ಕಾಸಿಲ್ಲ. ನೀವು ಅಲ್ಲಿ ಕೂತ್ಕೊಂಡು ಹಾರು ಅಂತೀರಿ!"

"ನಾನೆಲ್ಲಿ ಹಾರು ಅಂದೆ? ಹಾರಲ್ಲ ಅಂದ್ರೆ ಮೊದಲೇ ಹೇಳಿಬಿಡು, ನಿನ್ನದು ಬಿಟ್ಟು ಹತ್ತೇ ಒಗೀತೀನಿ ಅಂದೆ."

ಫೋನು ಕಟ್ಟಾಯ್ತು.

ಸೊಸೆ ಈರುಳ್ಳಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಲು. "ಅವನು ಹೇಳೋದ್ರಲ್ಲಿ ತಪ್ಪೇನಿದೆ, ಅತ್ತೆ? ಸಂಬಳ ಇಲ್ಲದೆ ಯಾರು ನೆಲಕ್ಕೆ ಬೀಳ್ತಾರೆ?"

"ತಪ್ಪಿಲ್ಲ" ಅಂದ್ರು ಅತ್ತೆ. "ಅದಕ್ಕೇ ನನಗೆ ಸಿಟ್ಟು. ತಪ್ಪಿದ್ದಿದ್ರೆ ಬೈದು ಮಲಗ್ತಿದ್ದೆ."

* * *

ಮೂರನೇ ಸೋಮವಾರ ಗೋಣಿಚೀಲದ ಹೊಲಿಗೆ ಬಿಟ್ಟುಹೋಗಿತ್ತು. ಎಡಗಾಲು ಅದನ್ನ ಇಳಿಸಿದ್ದೇ ತಡ, ಒಂದು ಬೊಗಸೆ ಮಣ್ಣು ಪರದೆ ಹಾರಿ ಹೋಗಿ ಸೊಸೆ ಆಗಷ್ಟೇ ಮುಗಿಸಿದ್ದ ಹಸಿರು ಅಂಗಿ ಮೇಲೆ ಕೂತ್ಕೊಳ್ತು.

ಅವತ್ತು ಸಾಯಂಕಾಲ ಊಟದ ಹೊತ್ತಿಗೆ ಮನೆ ಕುಕ್ಕರ್ ಥರ ಆಗಿತ್ತು. ಗಂಡ ತಟ್ಟೆ ನೋಡಿ, "ಮತ್ತೆ ಮೊಟ್ಟೇನಾ?" ಅಂದ. ಅಷ್ಟೇ ಅಂದಿದ್ದು.

"ಮೊಟ್ಟೆ ಬೇಡ್ವಾ? ನಿಮ್ಮಮ್ಮನಿಗೆ ಹೇಳಿ, ಜರ್ಸಿ ಬೇಯಿಸಿ ಕೊಡ್ತಾರೆ!"

"ನನ್ನ ಮೇಲೆ ಯಾಕೆ ಹಾರ್ತೀಯ?"

"ಇನ್ಯಾರ ಮೇಲೆ ಹಾರ್ಲಿ? ಸೋಮವಾರ ಬಂದ್ರೆ ಬಚ್ಚಲು ಸೇರ್ಕೊಳ್ತೀರಿ. ಇವತ್ತು ಒಂದು ಅಂಗಿ ಹಾಳಾಗ್ತಿತ್ತು. ಆ ಸ್ಟೋರ್ ಮೇಡಂ ಭೂತಗನ್ನಡಿ ಇಟ್ಕೊಂಡು ನೋಡೋಳು!"

ಗಂಡ ತಾಯಿ ಕಡೆ ತಿರುಗಿದ. "ಅಮ್ಮ, ಸಾಕು. ನಾನು ಹುಟ್ಟಿದಾಗಿಂದ ಈ ಜರ್ಸಿ ನೋಡ್ತಿದೀನಿ. ನನಗೆ ಜ್ವರ ಬಂದು ನಡುಗ್ತಾ ಮಲಗಿದ್ರೂ ನೀನು ಹೊರಗೆ ಜರ್ಸಿ ಒಣಗಿಸ್ತಿದ್ದೆ. ಸ್ಕೂಲಲ್ಲಿ ನನಗೆ ಬಹುಮಾನ ಕೊಟ್ಟ ದಿನ ಶನಿವಾರ ಅಂತ ನೀನು ಬರ್ಲಿಲ್ಲ. ಪಕ್ಕದ ಮನೆಯಾಕೆ ಬಂದಿದ್ಲು."

"ನಿನ್ನ ಜ್ವರದ ಔಷಧಿ ಆ ಜರ್ಸಿಯಿಂದಲೇ ಬಂತಲ್ಲೋ" ಅಂದ್ರು ಅತ್ತೆ, ಮೆತ್ತಗೆ. "ನಿಮ್ಮಪ್ಪ ಹೋದಾಗ ನನಗೆ ಕೆಲಸ ಕೊಟ್ಟೋರು ಯಾರು? ಫ್ಯಾಕ್ಟರಿಯೋರಾ? ಅವರು ಒಂದು ಹೂವಿನ ಹಾರ ಕೊಟ್ಟು ಕೈ ತೊಳ್ಕೊಂಡ್ರು. ಆ ಹನ್ನೊಂದು ಜನ ಬಂದು ಮನೆ ಮುಂದೆ ನಿಂತು, 'ಅಕ್ಕ, ನಮ್ಮ ಬಟ್ಟೆ ಕೊಳೆ ಆಗಿದೆ' ಅಂದ್ರು. ಅವರ ಬಟ್ಟೆ ಅವತ್ತು ಕೊಳೆ ಆಗಿರ್ಲಿಲ್ಲ ಕಣೋ. ಮಡಿಕೆ ಬಿಚ್ಚಿರಲಿಲ್ಲ."

ಗಂಡ ಮೊಟ್ಟೆ ಎರಡು ಭಾಗ ಮಾಡಿ ಒಂದನ್ನ ತಾಯಿ ತಟ್ಟೆಗೆ ಹಾಕಿದ. ಅತ್ತೆ ಅದನ್ನ ಮೊಮ್ಮಗಳ ತಟ್ಟೆಗೆ ಹಾಕಿದ್ರು. ಮಗಳು ಒಂದೇ ಬಾಯಿಗೆ ನುಂಗಿ, "ಮುಗೀತಾ ಜಗಳ?" ಅಂದ್ಲು.

ಮಾರನೇ ದಿನ ಸೊಸೆ ಬಾಯಿ ಬಿಡದೆ ಒಂದು ಕೆಲಸ ಮಾಡಿದ್ಲು. ಆಸ್ಪತ್ರೆ ಥಾನಿನಲ್ಲಿ ಉಳಿದಿದ್ದ ತುಂಡು ಬಟ್ಟೆ ಜೋಡಿಸಿ ಎರಡು ಗಟ್ಟಿ ಚೀಲ ಹೊಲಿದ್ಲು, ಬಾಯಿಗೆ ದಾರ ಎಳೆಯೋ ಹಾಗೆ. ಒಂದು ಅತ್ತೆ ಜರ್ಸಿಗೆ, ಧೂಳು ಉದುರಬಾರದು ಅಂತ. ಒಂದು ತನ್ನ ಇಪ್ಪತ್ತು ಜೊತೆ ಬಟ್ಟೆಗೆ, ಧೂಳು ಸೇರಬಾರದು ಅಂತ. ಎರಡೂ ಒಂದೇ ಬಟ್ಟೆ, ಒಂದೇ ಅಳತೆ, ಒಂದೇ ದಾರ. ಅಕ್ಕತಂಗಿ ಥರ. ಎಷ್ಟು ಚೆನ್ನಾಗಿ ಬಂತು ಅಂತ ಅವಳೇ ಎರಡು ಸಲ ತಿರುಗಿಸಿ ನೋಡಿದ್ಲು. ಅಲ್ಲೇ ಆಗಿದ್ದು ಎಡವಟ್ಟು.

* * *

ಕೊನೇ ಮ್ಯಾಚಿನ ವಾರ. ಗುರುವಾರ ಸಾಯಂಕಾಲ ಅತ್ತೆ ಒಗೆದು ಒಣಗಿಸಿದ್ದೆಲ್ಲ ತುಂಬಿ, ಚೀಲಾನ ಬಾಗಿಲ ಎಡಗಡೆ ಇಟ್ಟು, ಕೆಳಗಿನ ಮನೆಯಾಕೆ ಜೊತೆ ನೀರಿನ ವಿಷಯಕ್ಕೆ ಜಗಳ ಆಡೋಕೆ ಹೋಗಿದ್ರು. ಸೊಸೆ ತನ್ನ ಇಪ್ಪತ್ತು ಜೊತೆ ಇಸ್ತ್ರಿ ಮಾಡಿ, ತುಂಬಿ, ಬಾಗಿಲ ಬಲಗಡೆ ಇಟ್ಟಿದ್ಲು. ಶನಿವಾರ ಬೆಳಗ್ಗೆ ಆಸ್ಪತ್ರೆಗೆ ಒಯ್ಯಬೇಕಿತ್ತು. ಕೆಲಸ ಮುಗಿದ ಖುಷೀಲಿ ಸೊಸೆಗೆ ನೆಲ ಒರೆಸೋ ಮನಸ್ಸಾಯ್ತು. ಎರಡು ಚೀಲಾನೂ ಎತ್ತಿ ಕುರ್ಚಿ ಮೇಲಿಟ್ಲು, ನೆಲ ಒರೆಸಿದ್ಲು, ನೆಲ ಪೂರ್ತಿ ಆರೋಕೆ ಮುಂಚೆಯೇ ತಿರುಗಿ ಇಳಿಸಿದ್ಲು. ಒಂದನ್ನ ಎಡಕ್ಕೆ, ಒಂದನ್ನ ಬಲಕ್ಕೆ.

ಗಂಡ ಬಂದ. ಹಾರ್ನು ಕೂಗ್ತು. "ಯಾವುದು?" ಅಂದ.

"ಎಡಗಡೇದು" ಅಂತ ಮೆಟ್ಟಿಲಿಂದ ಕೂಗಿದ್ರು ಅತ್ತೆ. ಗಂಡ ಅದನ್ನ ಬಸ್ಸಿಗೆ ಹಾಕಿ ಬಂದ.

ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಸೊಸೆ ಆಸ್ಪತ್ರೆ ಸ್ಟೋರಿನಲ್ಲಿ, ಎದೆ ನೀವ್ಕೊಂಡು, ಮೇಡಂ ಎದುರಿಗೆ ಚೀಲದ ದಾರ ಎಳೆದ್ಲು. ಮೇಡಂ ಕನ್ನಡಕ ಹಾಕ್ಕೊಂಡು ಕೈ ಹಾಕಿ ಮೇಲಿದ್ದದ್ದನ್ನ ತೆಗೆದು ಬಿಡಿಸಿ ಹಿಡಿದ್ಲು. ನೀಲಿ ಬಣ್ಣ, ಬೆನ್ನ ಮೇಲೆ ದೊಡ್ಡದಾಗಿ ನಾಲ್ಕು.

"ಇದು ಯಾವ ಆಪರೇಷನ್ನಿಗಮ್ಮ?" ಅಂದ್ಲು ಮೇಡಂ.

ಸೊಸೆಗೆ ನೆಲ ಬಾಯಿ ಬಿಟ್ಟ ಹಾಗಾಯ್ತು. ಕೈ ಮುಗಿದು, ಚೀಲ ಬದಲಾಗಿದೆ, ಬುಧವಾರ ತಂದುಕೊಡ್ತೀನಿ ಅಂದ್ಲು. ಮೇಡಂ ಗಡಿಯಾರ ನೋಡಿದ್ಲು, ಕ್ಯಾಲೆಂಡರ್ ನೋಡಿದ್ಲು, ಕೊನೆಗೆ ಇವಳನ್ನ ನೋಡಿದ್ಲು. "ಬುಧವಾರ ಹನ್ನೊಂದು ಗಂಟೆ. ಹನ್ನೊಂದೂಕಾಲು ಅಂದ್ರೆ ಬೇರೆಯವರು."

ಮನೆಗೆ ಓಡಿ ಬಂದ್ರೆ ಅಷ್ಟೊತ್ತಿಗೆ ಆ ಊರಲ್ಲಿ ತಂಡದವರೂ ಚೀಲ ಬಿಚ್ಚಿದ್ರು. ಕಾರ್ಯದರ್ಶಿ ಫೋನು ಮಾಡಿದ್ದ. ಅತ್ತೆ ಮಂಚದ ಅಂಚಿಗೆ ಕೂತಿದ್ರು, ಒಣಗಿದ ಬಟ್ಟೆ ಥರ. ಗಂಡ ಗೋಡೆಗೆ ಒರಗಿದ್ದ. ಅವನಿಗೆ ಆಗ್ಲೇ ಬೇಕಾದಷ್ಟು ಬೈಗುಳ ಬಿದ್ದಿತ್ತು.

"ಎಡ-ಬಲ ಗೊತ್ತಿಲ್ಲದವನು ಲಿಫ್ಟ್ ಹೇಗೆ ರಿಪೇರಿ ಮಾಡ್ತೀಯೋ? ಮೇಲಕ್ಕೆ ಹೋಗೋದು ಕೆಳಕ್ಕೆ ಹೋಗುತ್ತೇನೋ!" ಅಂದ್ರು ಅತ್ತೆ.

"ಎಡಗಡೇದೇ ತಗೊಂಡೆ ಅಮ್ಮ. ಆಣೆಗೂ ಎಡಗಡೇದೇ."

ಸೊಸೆಗೆ ಆಗ ನೆನಪಾಯ್ತು ಕುರ್ಚಿ, ಒದ್ದೆ ನೆಲ, ಎರಡು ಚೀಲ. ಬಾಯಿ ತೆರೆದ್ಲು. ಮುಚ್ಚಿದ್ಲು.

ಫೋನು ಮತ್ತೆ ಬಂತು. ಕಾರ್ಯದರ್ಶಿ ಅತ್ತೆನ ಕೇಳ್ಲಿಲ್ಲ, ಸೊಸೆನ ಕೇಳಿದ. ಮೂರು ಗಂಟೆಗೆ ಮ್ಯಾಚು. ರೆಫರಿ ಪುಸ್ತಕ ತೆಗೆದು ನೋಡಿದ್ದಾನೆ. ಹತ್ತು ಜನರದ್ದು ಒಂದೇ ಬಣ್ಣ ಇರಬೇಕು, ಬೆನ್ನ ಮೇಲೆ ನಂಬರು ಇರಬೇಕು, ಗೋಲ್‌ಕೀಪರ್ ಅಂಗಿ ಬೇರೆ ಬಣ್ಣ ಇರಬೇಕು. ಅಷ್ಟೇ ಬರೆದಿರೋದು. ಫುಟ್‌ಬಾಲ್ ಬಟ್ಟೇನೇ ಆಗಬೇಕು ಅಂತ ಎಲ್ಲೂ ಬರೆದಿಲ್ಲ.

"ಆದ್ರೆ ಇದು ನಿಮ್ಮ ಹೊಟ್ಟೆಪಾಡಿನ ಬಟ್ಟೆ ತಂಗಿ. ಇಲ್ಲಿ ಬೆಳಗ್ಗೆ ಮೈದಾನಕ್ಕೆ ನೀರು ಹೊಡೆದಿದ್ದಾರೆ, ಎಲ್ಲಾ ಕೆಂಪು ಕೆಸರು. ನೀವು ಬೇಡ ಅಂದ್ರೆ ನಾವು ಮುಟ್ಟಲ್ಲ. ಚೀಲ ಕಟ್ಟಿ ಹಾಗೇ ವಾಪಸ್ ಕಳಿಸ್ತೀನಿ. ಹುಡುಗರಿಗೂ ಹೇಳಿದೀನಿ."

ಸೊಸೆ ಅತ್ತೆ ಮುಖ ನೋಡಿದ್ಲು. ಅತ್ತೆ ಕಿಟಕಿ ಕಡೆ ತಿರುಗಿದ್ರು. "ನಾನು ಕೇಳಲ್ಲ ಕಣೇ" ಅಂದ್ರು. "ಅದು ಕೇಳೋ ಮಾತಲ್ಲ."

ಸೊಸೆಯ ಕಣ್ಣು ಮಿಷಿನ್ ಮೇಲೆ ಹೋಯ್ತು. ಅಲ್ಲಿಂದ ಗಂಡನ ಮೇಲೆ. ಅವನಿನ್ನೂ ತನ್ನ ಎರಡು ಕೈ ಮುಂದೆ ಹಿಡ್ಕೊಂಡು, ಯಾವುದು ಎಡ, ಯಾವುದು ಬಲ ಅಂತ ನೋಡ್ಕೊಳ್ತಾ ಇದ್ದ.

"ಹಾಕ್ಕೊಳ್ಳಿ" ಅಂದ್ಲು ಫೋನಿಗೆ. "ನಂಬರಿಗೆ ಕರೆಂಟಿನ ಕಪ್ಪು ಟೇಪು ಅಂಟಿಸಿ. ಹೊಲಿಗೆ ಮೇಲೆ ಅಂಟಿಸ್ಬೇಡಿ, ಕೀಳೋವಾಗ ದಾರ ಬರುತ್ತೆ. ಪೈಜಾಮ ಉದ್ದ ಆದ್ರೆ ಮಡಚ್ಕೊಳ್ಳಿ, ಯಾರಾದ್ರೂ ಕತ್ತರಿಸಿದ್ರೆ ಬಸ್ಸು ಹತ್ತಿ ಬಂದು ಕೈ ಕತ್ತರಿಸ್ತೀನಿ."

ಮೂರು ಗಂಟೆಗೆ ನಾಲ್ಕೂ ಜನ ಹೊಲಿಗೆ ಮಿಷಿನ್ ಸುತ್ತ ಕೂತಿದ್ರು. ಮಗಳ ಫೋನು ಮಿಷಿನ್ ಮೇಲೆ. ಕಾರ್ಯದರ್ಶಿ ತನ್ನ ಫೋನನ್ನ ಮೈದಾನದ ಗೆರೆ ಪಕ್ಕ ಒಂದು ಸ್ಟೂಲಿನ ಮೇಲೆ ಇಟ್ಟಿದ್ದ. ಕೇಳಿಸಿದ್ದೆಲ್ಲ ಗಾಳಿ, ಸೀಟಿ, ಯಾರದೋ ಕೆಮ್ಮು. ಎದುರು ತಂಡದವರು ನಗೋದು ಕೇಳಿಸ್ತು. "ಡಾಕ್ಟ್ರೇ, ನನ್ನ ನಾಡಿ ನೋಡಿ!" ಅಂತ ಒಬ್ಬ ಕೂಗಿದ. "ನಿನ್ನ ಬಿಲ್ಲು ಆಮೇಲೆ ಕೊಡ್ತೀವಿ, ಮಲಕ್ಕೋ!" ಅಂತ ಈ ಕಡೆಯವನೊಬ್ಬ. ಅತ್ತೆ ಸೊಸೆಯ ಮಂಡಿ ಹಿಡ್ಕೊಂಡಿದ್ರು. ಸೊಸೆ ಯಾರೋ ದಬ್ ಅಂತ ಬಿದ್ದಾಗಲೆಲ್ಲ, "ಅಯ್ಯೋ ನನ್ನ ಅಂಗಿ!" ಅಂತಿದ್ಲು. ಇಪ್ಪತ್ತು ನಿಮಿಷಕ್ಕೆ ಫೋನು ಸತ್ತುಹೋಯ್ತು. ಚಾರ್ಜು ಮುಗಿದಿತ್ತು.

ಆಮೇಲಿನ ಒಂದೂವರೆ ಗಂಟೆ ಯಾರಿಗೂ ಕೂತಲ್ಲಿ ಕೂರೋಕೆ ಆಗ್ಲಿಲ್ಲ. ಗಂಡ ನಾಲ್ಕು ಸಲ ಅಡುಗೆಮನೆ ನಲ್ಲಿ ಬಿಗಿ ಮಾಡಿದ, ಅದು ಸೋರ್ತಾನೇ ಇರ್ಲಿಲ್ಲ. ಅತ್ತೆ ಒಗೆದಿದ್ದ ಜರ್ಸಿ ತೆಗೆದು ಮತ್ತೆ ಮಡಚಿದ್ರು. ಐದು ಗಂಟೆ ಮೇಲೆ ಮಗಳ ಫೋನಿಗೆ ಒಂದು ಸಾಲು ಬಂತು. ಸೊನ್ನೆ-ಸೊನ್ನೆ. ಆಟ ಪೂರ್ತಿ ಆಯ್ತು. ಹೆಸರು ಉಳೀತು.

ಮಗಳು ಕುಣಿದ್ಲು. ಅತ್ತೆ ಕುಣೀಲಿಲ್ಲ. "ಸೊನ್ನೆ ಹೇಗೆ ಆಯ್ತು?" ಅಂದ್ರು. "ಅವರು ಹೊಡೀಲಿಲ್ವಾ, ಇವನು ತಡೆದ್ನಾ? ಸೋಮವಾರದವರೆಗೂ ನನಗೆ ನಿದ್ದೆ ಇಲ್ಲ."

* * *

ಸೋಮವಾರ ಹಾರ್ನು ಕೂಗಿದಾಗ ಗಂಡ ಬಚ್ಚಲಿಗೆ ಹೋಗ್ಲಿಲ್ಲ. ಅವನೇ ಇಳಿದು ಹೋಗಿ ಚೀಲ ತಂದ. ಮಗಳು ಆರು ಗಂಟೆಗೇ ಎದ್ದಿದ್ಲು. ಚೀಲ ಬಿಚ್ಚಿದ್ರೆ, ತಿಳಿಹಸಿರು ಅನ್ನೋ ಬಣ್ಣ ಲೋಕದಲ್ಲಿ ಇತ್ತು ಅಂತ ಯಾರೂ ನಂಬೋ ಹಾಗಿರ್ಲಿಲ್ಲ. ಎಲ್ಲಾ ಇಟ್ಟಿಗೆ. ಸೊಸೆ ಕುಸಿದು ಕೂತ್ಲು.

ಅತ್ತೆ ಒಂದೊಂದಾಗಿ ಹಾಸಿದ್ರು. ಆಡಿದ್ದು ಹತ್ತು ಜೊತೆ, ಉಳಿದದ್ದಕ್ಕೆ ಅದರ ಧೂಳು ಮೆತ್ತಿತ್ತು. ಗೋಲ್‌ಕೀಪರಿನ ಅಂಗಿ ಇರ್ಲಿಲ್ಲ, ಅವನು ತನ್ನ ವ್ಯಾನ್ ಕೆಲಸದ ಹಳದಿ ಶರ್ಟು ಹಾಕ್ಕೊಂಡಿದ್ನಂತೆ. ಆದ್ರೆ ಪೈಜಾಮ ಇತ್ತು, ಚೀಲದ ತಳದಲ್ಲಿ, ಬೇರೆ ಕಾಗದದಲ್ಲಿ ಸುತ್ತಿ. ಸೊಸೆ ಅದನ್ನ ಬಿಡಿಸಿದ್ಲು.

ಬಲಗಡೆ ಸೊಂಟದಿಂದ ಪಾದದವರೆಗೂ ಕೆಂಪು, ಯಾರೋ ಬಣ್ಣದ ಬ್ರಷ್ಷಿನಿಂದ ಎಳೆದ ಹಾಗೆ. ಎಡಗಡೆಯೂ ಹಾಗೇ. ಎರಡು ಮಂಡಿಯೂ ಹರಿದು ಬಾಯಿ ಬಿಟ್ಕೊಂಡಿದ್ವು.

ಅತ್ತೆ ಕೈ ಚಾಚೋಕೆ ಮುಂಚೆಯೇ ಸೊಸೆ ಬಾಯಿಂದ ಮಾತು ಬಂದುಬಿಟ್ಟಿತ್ತು. "ಈ ಕಡೆ ಐದು ಸಲ ಬಿದ್ದಿದ್ದಾನೆ, ಅತ್ತೆ. ಒಂದರ ಮೇಲೊಂದು ಗೀರು ನೋಡಿ. ಈ ಕಡೆ ಮೂರು. ಈ ಮಂಡಿ ಹರಿದಿದ್ದು ಕೊನೇಲಿ. ಹರಿದ ಅಂಚಿಗೆ ಹೊಸ ಕೆಸರಿಲ್ಲ."

ಅತ್ತೆ ಆ ಪೈಜಾಮ ತಗೊಂಡು ಹರಿದ ಮಂಡಿಯೊಳಗೆ ಎರಡು ಬೆರಳು ಹಾಕಿ ನೋಡಿದ್ರು. ಆಮೇಲೆ ಅದನ್ನ ಮಡಚಿ ಪಕ್ಕಕ್ಕಿಟ್ರು.

"ಏಳು" ಅಂದ್ರು. "ಬಿಸಿ ನೀರು ಮುಟ್ಟಬೇಡ. ಇಟ್ಟಿಗೆ ಮಣ್ಣಿಗೆ ಬಿಸಿ ನೀರು ಹಾಕಿದ್ರೆ ಅದು ಅಲ್ಲೇ ಬೆಂದು ಕೂರುತ್ತೆ. ಮೊದಲು ಪೂರ್ತಿ ಒಣಗಬೇಕು. ಬ್ರಷ್ಷಲ್ಲಿ ಉದುರಿಸಬೇಕು. ಆಮೇಲೆ ತಣ್ಣೀರು, ಮೂರು ಸಲ. ಸೋಪು ಕಟ್ಟಕಡೆಗೆ. ಮೂವತ್ತು ವರ್ಷ ಸುಮ್ಮನೆ ಒಗೆದಿಲ್ಲ ನಾನು."

ಸೋಮವಾರ ಒಣಗಿಸಿದ್ರು, ಬ್ರಷ್ಷು ಹಾಕಿದ್ರು. ಕೆಳಗಿನ ಮನೆಯಾಕೆ ಬೈಯೋಕೆ ಹತ್ತಿ ಬಂದವಳು ವಿಷಯ ಕೇಳಿ, ಹೋಗಿ ಎರಡು ಬಕೆಟ್ ನೀರು ತಂದುಕೊಟ್ಟು, ಆಮೇಲೆ ಬೈದು ಹೋದ್ಲು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಬಾಲ್ಕನೀಲಿ ತಿಳಿಹಸಿರು ಮತ್ತೆ ಕಾಣಿಸ್ಕೊಳ್ತು. ಗಂಡ ಅಡುಗೆ ಮಾಡಿದ. ಬೇರೆ ಏನೂ ಬರ್ತಿರಲಿಲ್ಲ, ಮೊಟ್ಟೆ ಬೇಯಿಸಿದ. ಯಾರೂ ಮೂಗು ಮುರೀಲಿಲ್ಲ.

ಒಂದು ಪೈಜಾಮ ಕಡಿಮೆ ಬಿತ್ತು. ಥಾನಿನಲ್ಲಿ ಒಂದು ಗೇಣು ಬಟ್ಟೆ ಉಳಿದಿರ್ಲಿಲ್ಲ, ಎಲ್ಲಾ ಚೀಲಕ್ಕೆ ಹೋಗಿತ್ತು. ಸೊಸೆ ಸಾಯಂಕಾಲ ಒಂದು ಚೀಲ ಹಿಡ್ಕೊಂಡು ಕಿಟಕಿ ಹತ್ರ ಕೂತು, ಬ್ಲೇಡಿನಿಂದ ಹೊಲಿಗೆ ಬಿಚ್ಚೋಕೆ ಶುರು ಮಾಡಿದ್ಲು. ಅತ್ತೆ ಪಕ್ಕದಲ್ಲಿ ದಾರ ಆರಿಸ್ತಿದ್ರು. ಆ ಕೋಣೇಲಿ ಗಂಡ ಮಗಳಿಗೆ ಏಳನೇ ಸಲ ಹೇಳ್ತಿದ್ದ: "ಎಡಗಡೇದೇ ತಗೊಂಡಿದ್ದು ಪುಟ್ಟಿ, ನನಗೆ ಚೆನ್ನಾಗಿ ನೆನಪಿದೆ."

"ತಳದ ಬಟ್ಟೆ ಕಾಲಿಗೆ ಹಾಕ್ಬೇಡ" ಅಂದ್ರು ಅತ್ತೆ, ತಲೆ ಎತ್ತದೆ. "ನೆಲ ಒರೆಸಿದ ನೀರಿನ ಕಲೆ ಇದೆ. ಒದ್ದೆ ನೆಲದ ಮೇಲೆ ಇಟ್ಟಾಗ ಆಗಿರೋದು."

ಸೊಸೆ ಕೈ ನಿಂತುಬಿಡ್ತು. ಬ್ಲೇಡು ಅಲ್ಲೇ ಬಟ್ಟೆಯೊಳಗೆ.

"ಯಾವಾಗ ಗೊತ್ತಾಯ್ತು ನಿಮಗೆ?"

"ನಿನ್ನೆ. ಚೀಲ ಬಂದ ಕೂಡ್ಲೆ."

"ನಿನ್ನೆಯಿಂದ ಅವರನ್ನ ಬೈತಾನೇ ಇದ್ದೀರಲ್ಲ?"

"ಅವನಿಗೇನು ಬೈಗುಳ ಹೊಸದಾ? ಅಭ್ಯಾಸ ಇದೆ. ನಿನಗೆ ನಿನ್ನೆ ಬೈದಿದ್ರೆ ಒಗೆಯೋಕೆ ಕೈ ಯಾವುದಿರ್ತಿತ್ತು?"

ಸೊಸೆ ಎದ್ದು ಹೋಗಿ ಆ ಕೋಣೆ ಬಾಗಿಲಲ್ಲಿ ನಿಂತು, "ರೀ, ನೀವು ಎಡಗಡೇದೇ ತಗೊಂಡಿದ್ದು. ಚೀಲ ಅದಲುಬದಲು ಮಾಡಿಟ್ಟೋಳು ನಾನು" ಅಂದ್ಲು. ಗಂಡ ಅವಳ ಮುಖ ನೋಡಿದ, ಮಗಳ ಮುಖ ನೋಡಿದ, ಎರಡು ಕೈ ಮೇಲೆತ್ತಿ, "ನೋಡಿದ್ಯಾ!" ಅಂದ. ಅಷ್ಟು ಜೋರಾಗಿ ಅಂದ ಅಂದ್ರೆ ಕೆಳಗಿನ ಮನೆಯಾಕೆ ಪೊರಕೆ ಕಡ್ಡಿಯಿಂದ ಚಾವಣಿ ಕುಟ್ಟಿದ್ಲು.

ಬುಧವಾರ ಹನ್ನೊಂದಕ್ಕೆ ಐದು ನಿಮಿಷ ಇದ್ದಾಗ ಸ್ಟೋರ್ ಮೇಡಂ ಇಪ್ಪತ್ತು ಜೊತೆಯನ್ನೂ ಬೆಳಕಿಗೆ ಹಿಡಿದು ನೋಡಿದ್ಲು. ಹೊಲಿಗೆ ಹಿಡಿದು ಎಳೆದ್ಲು. ಮೂಸಿದ್ಲು.

"ಒಗೆದಿದೀರಾ ಇದನ್ನ?"

"ಹೌದು ಮೇಡಂ. ಹತ್ತು ಜೊತೆ, ಹತ್ತು ಜನಕ್ಕೆ ಹಾಕಿ, ಒಂದೂವರೆ ಗಂಟೆ ಕೆಸರಲ್ಲಿ ಓಡಿಸಿ, ಬೀಳಿಸಿ ನೋಡಿದೀವಿ. ಹೊಲಿಗೆ ಒಂದು ಕಡೆಯೂ ಬಿಟ್ಟಿಲ್ಲ."

ಮೇಡಂ ಕನ್ನಡಕದ ಮೇಲಿಂದ ನೋಡಿದ್ಲು. ನಗಬೇಕೋ ಬೇಡ್ವೋ ಅಂತ ಅವಳಿಗೆ ತಿಳೀಲಿಲ್ಲ. "ಸದ್ಯಕ್ಕೆ ಮೂವತ್ತು ಜೊತೆ ಹೊಲೀರಿ. ವರ್ಷದ್ದು ಆಮೇಲೆ ನೋಡೋಣ" ಅಂದು ರಸೀದಿ ಹರಿದು ಕೊಟ್ಲು.

ಗುರುವಾರ ಎಡಗಾಲು ಬಂದ. ಈ ವರ್ಷದ ಆಟ ಮುಗಿದಿತ್ತು, ಜರ್ಸಿ ಇಲ್ಲೇ ಅತ್ತೆ ಮಂಚದ ಕೆಳಗೆ ಪೆಟ್ಟಿಗೇಲಿ ಇರ್ಲಿ ಅಂದಿದ್ದ ಕಾರ್ಯದರ್ಶಿ. ಮುಂದಿನ ವರ್ಷ ಸಂಬಳ ಎಲ್ಲಿಂದ, ಯಜಮಾನ ಯಾರು, ಯಾರಿಗೂ ಗೊತ್ತಿರ್ಲಿಲ್ಲ. ಗೋಡೌನಿನವನು ಇನ್ನೊಂದ್ಸಲ ಟೇಪು ಹಿಡ್ಕೊಂಡು ಬಂದು ಹೋದ್ನಂತೆ. ಆದ್ರೂ ಅತ್ತೆ ಒಂದು ಸಣ್ಣ ಕಟ್ಟು ಮಾಡಿ ಎಡಗಾಲಿನ ಕೈಗಿಟ್ರು.

"ಬಾಗಿಲಿಗೆ ಕೊಡು. ಎಲ್ಲರ ಎದುರಿಗೆ ಬಿಚ್ಚೋಕೆ ಹೇಳು."

"ಏನಿದು ದೊಡ್ಡಮ್ಮ?"

"ಅವನ ಪೈಜಾಮ. ಒಗ್ದಿಲ್ಲ."

ಆಮೇಲಿನ ಸೋಮವಾರ ಬೆಳಗ್ಗೆ ಕೆಳಗೆ ಬೀದೀಲಿ ಹಾರ್ನು ಮೂರು ಸಲ ಕೂಗ್ತು. ಬರೋ ಚೀಲ ಇಲ್ಲ, ಎಡಗಾಲು ಅಭ್ಯಾಸಬಲದಿಂದ ಹೊಡೆದಿದ್ದಷ್ಟೇ. ಅತ್ತೆ ಮಂಚದಿಂದ ಕಾಲು ಇಳಿಸೋಷ್ಟರಲ್ಲಿ ಸೊಸೆ ಮಿಷಿನ್ ನಿಲ್ಲಿಸಿ ಬಾಲ್ಕನೀಗೆ ಹೋಗಿ ಬಗ್ಗಿ ನೋಡ್ತಿದ್ಲು, ಬಾಯಲ್ಲಿ ಸೂಜಿ ಹಾಗೇ ಇತ್ತು. ಕೆಳಗಿಂದ ಎಡಗಾಲು ಏನೋ ಕೂಗಿ ಹೇಳ್ತಿದ್ದ.

"ಏನಂತೆ?" ಅಂದ್ರು ಅತ್ತೆ ಒಳಗಿನಿಂದ.

"ಸ್ವಲ್ಪ ಸುಮ್ಮನಿರಿ, ಅತ್ತೆ" ಅಂದ್ಲು ಸೊಸೆ. "ಕೇಳ್ತಾ ಇದೀನಿ."